ಫೋನ್ ಇಡುವ ಹಕ್ಕು

ಸೈಬರ್ ವಂಚನೆಯ ಸುದ್ದಿ ಓದಿದವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಅಷ್ಟು ಓದಿಕೊಂಡವರು ಹೇಗೆ ಯಾಮಾರಿದರು?’ ಹಣ ಕಳೆದುಕೊಂಡವರು ಪ್ರಾಧ್ಯಾಪಕರೋ ವೈದ್ಯರೋ ಸಾಫ್ಟ್‌ವೇರ್ ಎಂಜಿನಿಯರೋ ಆಗಿದ್ದರಂತೂ ಆ ಪ್ರಶ್ನೆಯಲ್ಲಿ ಅಚ್ಚರಿಗಿಂತ ಒಂದು ಬಗೆಯ ಸಮಾಧಾನವೇ ಹೆಚ್ಚು. ನಾನಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಸಮಾಧಾನ. ಮೋಸಹೋಗುವವರು ಒಂದೋ ದುರಾಸೆಯವರು, ಇಲ್ಲವೇ ತಿಳಿವಳಿಕೆ ಇಲ್ಲದವರು ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ಆ ತೀರ್ಮಾನ ತಪ್ಪು ಎಂಬುದಷ್ಟೇ ಅಲ್ಲ, ಅದರಿಂದ ವಂಚಕರಿಗೆ ದೊಡ್ಡ ಉಪಕಾರವಾಗುತ್ತಿದೆ ಎಂಬುದು ನನ್ನ ವಾದ.

2024ರ ಆಗಸ್ಟ್ ಕೊನೆಯಲ್ಲಿ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಏಳು ಕೋಟಿ ರೂಪಾಯಿ ಕಳೆದುಕೊಂಡರು. ಆಗ ಅವರಿಗೆ 82 ವರ್ಷ. ಪದ್ಮಭೂಷಣ ಪಡೆದವರು, ದಶಕಗಳ ಕಾಲ ಉದ್ಯಮ ನಡೆಸಿದವರು, ಕರೆದರೆ ಓಡಿಬರುವ ವಕೀಲರು, ಲೆಕ್ಕಪರಿಶೋಧಕರು ಇದ್ದವರು. ಜೆಟ್ ಏರ್‌ವೇಸ್‌ನ ನರೇಶ್ ಗೋಯಲ್ ಅವರ ಅಕ್ರಮ ಹಣ ವರ್ಗಾವಣೆ ಪ್ರಕರಣದಲ್ಲಿ ನಿಮ್ಮ ಹೆಸರೂ ಇದೆ ಎಂದು ಸಿಬಿಐ ಅಧಿಕಾರಿಗಳ ಸೋಗಿನಲ್ಲಿ ಮಾತಾಡಿದವರು ಅವರನ್ನು ಹೆದರಿಸಿದರು. ಎರಡು ದಿನ ಸ್ಕೈಪ್‌ನ ಕಣ್ಗಾವಲಿನಲ್ಲಿ ಇಟ್ಟರು. ಸುಪ್ರೀಂ ಕೋರ್ಟಿನ ವಿಚಾರಣೆಯ ನಾಟಕವನ್ನೇ ಪರದೆಯ ಮೇಲೆ ಆಡಿದರು; ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಹೆಸರಿನಲ್ಲಿ ಯಾರೋ ಒಬ್ಬ ಕೂತು ಆದೇಶ ಕೊಟ್ಟ. ಮೊಹರು ಒತ್ತಿದ ಆದೇಶದ ಪ್ರತಿ ವಾಟ್ಸ್‌ಆ್ಯಪ್‌ಗೆ ಬಂತು. ಬೇಗ ದೂರು ಕೊಟ್ಟಿದ್ದರಿಂದ 5.25 ಕೋಟಿಯಷ್ಟನ್ನು ಪೊಲೀಸರು ಮರಳಿ ಹಿಡಿದರು. ಓಸ್ವಾಲ್ ಅವರು ಮುಚ್ಚಿಡದೆ ಮಾಧ್ಯಮಗಳ ಮುಂದೆ ನಡೆದದ್ದನ್ನೆಲ್ಲ ಹೇಳಿಕೊಂಡರು. ಏಳು ಕೋಟಿಯ ಕಥೆಗಿಂತ ನನಗೆ ದೊಡ್ಡದಾಗಿ ಕಂಡದ್ದು ಈ ಕೊನೆಯ ಸಂಗತಿ.

ಬೆಂಗಳೂರಿನ ಪ್ರಕರಣ ಇನ್ನೂ ದೀರ್ಘವಾದದ್ದು. ಸಾಫ್ಟ್‌ವೇರ್ ಕ್ಷೇತ್ರದ ಮಹಿಳೆಯೊಬ್ಬರಿಗೆ 2024ರ ಸೆಪ್ಟೆಂಬರ್‌ನಲ್ಲಿ ಕೊರಿಯರ್ ಕಚೇರಿಯ ಹೆಸರಿನಲ್ಲಿ ಕರೆ ಬಂತು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ, ಒಂದಲ್ಲ ಎರಡಲ್ಲ, 187 ವರ್ಗಾವಣೆಗಳಲ್ಲಿ ಅವರ ಖಾತೆಯಿಂದ 31.83 ಕೋಟಿ ರೂಪಾಯಿ ಹೋಯಿತು. ಠೇವಣಿಗಳನ್ನು ಮುರಿಸಿ ಕಟ್ಟಿದರು.

ಇವರಿಬ್ಬರೂ ಹಣ ದುಪ್ಪಟ್ಟು ಮಾಡಿಕೊಳ್ಳಲು ಹೋದವರಲ್ಲ ಎಂಬುದನ್ನು ಗಮನಿಸಬೇಕು. ತಮ್ಮ ಹಣ ಶುದ್ಧವಾದದ್ದು ಎಂದು ತೋರಿಸಲು ಹೋದವರು. ‘ಪರಿಶೀಲನೆಗಾಗಿ ಈ ಖಾತೆಗೆ ಹಾಕಿ, ತಪ್ಪಿಲ್ಲದಿದ್ದರೆ ವಾಪಸು ಬರುತ್ತದೆ’ ಎಂದಾಗ ಒಪ್ಪಿದ್ದು ಲೆಕ್ಕ ಸರಿಯಿದೆ ಎಂಬ ಧೈರ್ಯದಿಂದಲೇ. ನಿಜವಾಗಿ ಹವಾಲಾ ನಡೆಸುವವನಿಗೆ ಇಂಥ ಕರೆ ಬಂದರೆ ಅವನು ಮೊದಲು ವಕೀಲನಿಗೆ ಫೋನ್ ಮಾಡುತ್ತಾನೆ. ಕಾನೂನಿಗೆ ಹೆದರಿ ನಡೆದವರು, ತೆರಿಗೆ ಸರಿಯಾಗಿ ಕಟ್ಟಿದವರು, ಠಾಣೆಯ ಮೆಟ್ಟಿಲು ಹತ್ತದೆ ಬದುಕಿದ್ದೇ ದೊಡ್ಡಸ್ತಿಕೆ ಎಂದುಕೊಂಡವರು ಈ ಬಲೆಗೆ ಸುಲಭವಾಗಿ ಬೀಳುತ್ತಾರೆ. ‘ಡಿಜಿಟಲ್ ಅರೆಸ್ಟ್’ ಎಂಬ ಮೋಸ ಗುರಿಯಿಡುವುದು ಮರ್ಯಾದಸ್ಥರ ಅಂಜಿಕೆಗೆ.

ಕರೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಧ್ವನಿಮುದ್ರಿತ ಹೆಣ್ಣುದನಿ: ನಿಮ್ಮ ಮೊಬೈಲ್ ಸಂಖ್ಯೆ ಎರಡು ಗಂಟೆಯೊಳಗೆ ಸ್ಥಗಿತಗೊಳ್ಳಲಿದೆ, ಹೆಚ್ಚಿನ ಮಾಹಿತಿಗೆ ಒಂಬತ್ತನ್ನು ಒತ್ತಿ. ಒತ್ತಿದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಅಧಿಕಾರಿ ಎಂಬ ಸಭ್ಯ ಮನುಷ್ಯ ಸಿಗುತ್ತಾನೆ. ನಿಮ್ಮ ಆಧಾರ್ ಬಳಸಿ ಮುಂಬೈಯಲ್ಲಿ ಇನ್ನೊಂದು ಸಿಮ್ ತೆಗೆದಿದ್ದಾರೆ, ಅದರಿಂದ ಅಶ್ಲೀಲ ಸಂದೇಶಗಳು ಹೋಗಿವೆ, ದೂರು ದಾಖಲಾಗಿದೆ ಎನ್ನುತ್ತಾನೆ. ಅವನು ಗದರಿಸುವುದಿಲ್ಲ, ‘ನೀವು ಮಾಡಿಲ್ಲ ಅನಿಸುತ್ತೆ ಮೇಡಂ, ಆದರೂ ಪೊಲೀಸರ ಹತ್ತಿರ ಒಂದು ಮಾತು ಆಡಿಬಿಡಿ, ನಾನೇ ಲೈನ್ ಕೊಡ್ತೀನಿ’ ಎಂದು ಸಹಾಯಕ್ಕೆ ನಿಲ್ಲುತ್ತಾನೆ. ಲೈನ್ ಸಿಗುತ್ತದೆ. ಆ ಕಡೆ ಖಾಕಿ, ಹಿಂದೆ ಗೋಡೆಯ ಮೇಲೆ ಇಲಾಖೆಯ ಲಾಂಛನ, ಮೇಜಿನ ಮೇಲೆ ಫೈಲುಗಳು, ವೈರ್‌ಲೆಸ್ಸಿನ ಗರಗರ ಸದ್ದು. ಇವನು ಗದರಿಸುತ್ತಾನೆ. ಆಧಾರ್ ಸಂಖ್ಯೆಯನ್ನು ನೀವು ಹೇಳುವ ಮೊದಲೇ ಓದಿ ಹೇಳುತ್ತಾನೆ. ಅಷ್ಟು ಹೊತ್ತಿಗೆ ಕೈ ನಡುಗುತ್ತಿರುತ್ತದೆ. ಆಮೇಲೆ ಬರುವವನು ಮೂರನೆಯವನು, ದೊಡ್ಡ ಸಾಹೇಬ, ಕರುಣಾಳು. ನಿಮ್ಮ ವಯಸ್ಸು ನೋಡಿ ಒಂದು ಅವಕಾಶ ಕೊಡುತ್ತೇನೆ ಎನ್ನುತ್ತಾನೆ. ಬಾಗಿಲು ಹಾಕಿಕೊಳ್ಳಿ, ಕ್ಯಾಮೆರಾ ಆರಿಸಬೇಡಿ, ಮನೆಯವರಿಗೂ ಹೇಳಬೇಡಿ, ಹೇಳಿದರೆ ಅವರೂ ಆರೋಪಿಗಳಾಗುತ್ತಾರೆ.

ಈ ಆಟದಲ್ಲಿ ತಂತ್ರಜ್ಞಾನ ಎಷ್ಟಿದೆ ಎಂದು ನೋಡಿದರೆ ಹೆಚ್ಚೇನಿಲ್ಲ. ವಿಡಿಯೊ ಕರೆ ಮಾಡಲು ಬಂದರೆ ಸಾಕು. ಉಳಿದದ್ದು ನಾಟಕ. ಆ ನಾಟಕವೂ ಹೊಸದಲ್ಲ. ಅದರ ಪ್ರತಿ ಸಂಭಾಷಣೆಯನ್ನೂ ನಮ್ಮ ಕಚೇರಿಗಳಲ್ಲಿ ನಾವು ಮೊದಲೇ ಕೇಳಿದ್ದೇವೆ. ‘ಇದು ನಮ್ಮ ಕೈಲಿಲ್ಲ, ಮೇಲಿನವರನ್ನು ಕೇಳಿ’, ‘ಇವತ್ತು ಸಂಜೆಯೊಳಗೆ ಆಗದಿದ್ದರೆ ನಿಮ್ಮದೇ ಜವಾಬ್ದಾರಿ’, ‘ಸಾಹೇಬರು ಒಳ್ಳೆಯವರು, ಅವರ ಹತ್ತಿರ ಸ್ವಲ್ಪ ವಿನಯವಾಗಿ ಮಾತಾಡಿ’. ಠಾಣೆಯಿಂದ ಕರೆ ಬಂದರೆ ಯಾಕೆ, ಯಾವ ಕಲಮಿನಡಿ ಎಂದು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಕೇಳಿದವನಿಗೆ ‘ಏನಯ್ಯಾ, ಲಾ ಮಾತಾಡ್ತೀಯಾ’ ಎಂಬ ಉತ್ತರ ಸಿಗುವ ಊರಿನಲ್ಲಿ ಜನ ‘ಸಾರ್, ಸಾರ್’ ಎನ್ನುವುದನ್ನಷ್ಟೇ ಕಲಿಯುತ್ತಾರೆ. ವಂಚಕ ಬಳಸಿಕೊಳ್ಳುವುದು ಅದನ್ನೇ. ವ್ಯವಸ್ಥೆ ವರ್ಷಗಟ್ಟಲೆ ಕಲಿಸಿದ ವಿಧೇಯತೆಯನ್ನು ಅವನು ಒಂದು ಮಧ್ಯಾಹ್ನದಲ್ಲಿ ನಗದು ಮಾಡಿಕೊಳ್ಳುತ್ತಾನೆ.

ಕಾನೂನು ಹೇಳುವುದಕ್ಕೂ ಈ ನಾಟಕಕ್ಕೂ ಒಂದೇ ಒಂದು ಜಾಗದಲ್ಲಿ ನೇರ ವಿರೋಧ ಇದೆ. ಅದನ್ನು ನೆನಪಿಟ್ಟುಕೊಂಡರೆ ಉಳಿದ ತಂತ್ರಗಳ ಪಟ್ಟಿ ಬೇಕಾಗಿಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಬಂಧಿಸುವ ಪೊಲೀಸರು ಹೆಸರು ಕಾಣುವಂತೆ ಫಲಕ ಧರಿಸಿರಬೇಕು, ಬಂಧನದ ಪತ್ರ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಬಂಧಿತರ ಸಂಬಂಧಿಕರಿಗೋ ಸ್ನೇಹಿತರಿಗೋ ವಿಷಯ ಮುಟ್ಟಿಸಬೇಕು. ಇದೆಲ್ಲ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದಂತೂ ಸಂವಿಧಾನದ 22ನೇ ವಿಧಿಯ ಮಾತು. ಪೊಲೀಸರು ಹಾಜರಾತಿಯ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಬಂಧನವನ್ನು ಮನೆಯವರಿಗೆ ತಿಳಿಸಲೇಬೇಕು ಎನ್ನುತ್ತದೆ ಕಾನೂನು. ಯಾರಿಗೂ ತಿಳಿಸಬೇಡ ಎನ್ನುತ್ತಾನೆ ವಂಚಕ. ‘ಯಾರಿಗೂ ಹೇಳಬೇಡಿ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಆ ಕರೆಯ ಬಣ್ಣ ಬಯಲಾಯಿತು ಎಂದೇ ತಿಳಿಯಬಹುದು. ಅದು ಪೊಲೀಸ್ ಕರೆ ಇರಲಿ, ಷೇರು ಸಲಹೆ ಇರಲಿ, ಫೇಸ್‌ಬುಕ್ಕಿನಲ್ಲಿ ಪರಿಚಯವಾದ ವಿದೇಶಿ ಗೆಳೆಯ ಕಳಿಸಿದ ಉಡುಗೊರೆ ಇರಲಿ. ಇಂಥ ಪ್ರಕರಣಗಳಲ್ಲಿ ಎಷ್ಟೋ ಸಲ ಜಾಲ ಹರಿದದ್ದು ವಿಷಯ ಮೂರನೆಯವರ ಕಿವಿಗೆ ಬಿದ್ದಾಗಲೇ: ಮಗಳು, ಪಕ್ಕದ ಮನೆಯವರು, ಬ್ಯಾಂಕಿನ ಕೌಂಟರಿನಲ್ಲಿ ‘ಏನ್ ಸಾರ್, ಇದ್ದಕ್ಕಿದ್ದ ಹಾಗೆ ಎಫ್‌ಡಿ ಮುರಿಸ್ತಿದ್ದೀರಿ’ ಎಂದು ಕೇಳಿದ ಗುಮಾಸ್ತೆ.

ಹಾಗಾದರೆ ಒಬ್ಬೊಬ್ಬರೂ ಏನು ಮಾಡಬಹುದು? ಈ ವಿಷಯದ ಉಪದೇಶಗಳೆಲ್ಲ ಒಂದು ಪಟ್ಟಿಯಾಗಿ ಬರುತ್ತವೆ. ಒಟಿಪಿ ಕೊಡಬೇಡಿ, ಲಿಂಕ್ ಒತ್ತಬೇಡಿ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಬೇಡಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ಬಂದ ಎಪಿಕೆ ಫೈಲ್ ತೆರೆಯಬೇಡಿ. ಎಲ್ಲವೂ ಸರಿಯೇ. ಆದರೆ ಪಟ್ಟಿಗೆ ಒಂದು ದೋಷವಿದೆ: ಅದು ಯಾವಾಗಲೂ ಹಿಂದಿನ ವರ್ಷದ ಮೋಸಕ್ಕೆ ಬರೆದದ್ದು. ‘ಇಂದು ರಾತ್ರಿ 9.30ಕ್ಕೆ ನಿಮ್ಮ ವಿದ್ಯುತ್ ಸಂಪರ್ಕ ಕಡಿತಗೊಳ್ಳಲಿದೆ’ ಎಂಬ ಸಂದೇಶವನ್ನು ಜನ ಗುರುತಿಸಲು ಕಲಿಯುವಷ್ಟರಲ್ಲಿ ಟ್ರಾಫಿಕ್ ದಂಡದ ಚಲನ್ ಬಂತು. ಅದನ್ನು ಕಲಿಯುವಷ್ಟರಲ್ಲಿ ಇನ್ನೊಂದು. ಯಾರಿಗೆ ಫೋನ್ ಮಾಡಿದರೂ ಮೊದಲು ಎಚ್ಚರಿಕೆಯ ಕಾಲರ್ ಟ್ಯೂನ್ ಕೇಳಬೇಕಾಗಿದ್ದ ತಿಂಗಳುಗಳಲ್ಲಿ ಜನ ವಂಚಕನಿಗಿಂತ ಆ ಟ್ಯೂನಿಗೆ ಹೆಚ್ಚು ಶಾಪ ಹಾಕಿದರು. ನೂರು ಸಲ ಕೇಳಿದ ಎಚ್ಚರಿಕೆ ನೂರಾ ಒಂದನೇ ಸಲ ಕಿವಿಗೇ ಬೀಳುವುದಿಲ್ಲ.

ಪಟ್ಟಿಯ ಬದಲು ನಾನು ಹೇಳುವುದು ಒಂದೇ ಅಭ್ಯಾಸ. ರಾತ್ರಿ ಬಾಗಿಲು ಬಡಿದರೆ ಒಳಗಿನಿಂದಲೇ ‘ಯಾರು?’ ಎಂದು ಕೇಳುವ ನಾವು ಫೋನಿನಲ್ಲಿ ಮಾತ್ರ ಬಡಿದವನಿಗೆ ನಮ್ಮ ಹೆಸರು, ವಿಳಾಸ ಒಪ್ಪಿಸುತ್ತೇವೆ. ಯಾರು ಯಾರಿಗೆ ಕರೆ ಮಾಡಿದರು ಎಂಬುದೇ ಇಲ್ಲಿ ಎಲ್ಲ. ಕರೆ ಅವರಿಂದ ಬಂದದ್ದಾದರೆ ಹಣದ ವಿಷಯ, ಗುರುತಿನ ವಿಷಯ, ಕೇಸಿನ ವಿಷಯ ಯಾವುದೇ ಇರಲಿ, ಫೋನ್ ಇಟ್ಟುಬಿಡುವುದು. ಆಮೇಲೆ ಬೇಕೆನಿಸಿದರೆ ಎಟಿಎಂ ಕಾರ್ಡಿನ ಹಿಂಬದಿಯ ಸಂಖ್ಯೆಗೋ ಪಾಸ್‌ಬುಕ್ಕಿನಲ್ಲಿರುವ ಶಾಖೆಯ ಸಂಖ್ಯೆಗೋ ಹತ್ತಿರದ ಠಾಣೆಗೋ ನಾವೇ ಕರೆ ಮಾಡುವುದು. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಮಾಡುವುದಲ್ಲ, ಕಸ್ಟಮರ್ ಕೇರ್ ಹೆಸರಿನ ನಕಲಿ ಸಂಖ್ಯೆಗಳು ಅಲ್ಲೂ ಕಾದಿರುತ್ತವೆ. ನಿಜವಾದ ಬ್ಯಾಂಕಿಗೆ, ನಿಜವಾದ ಪೊಲೀಸರಿಗೆ ಇದರಿಂದ ಹತ್ತು ನಿಮಿಷ ತಡವಾಗುತ್ತದೆ, ಅಷ್ಟೇ. ವಂಚಕನಿಗೆ ಆ ಹತ್ತು ನಿಮಿಷವೇ ಸಾವು. ಅದಕ್ಕಾಗಿಯೇ ಅವನು ‘ಲೈನ್ ಕಟ್ ಮಾಡಬೇಡಿ’ ಎಂದು ಮೇಲಿಂದ ಮೇಲೆ ಹೇಳುವುದು. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಇಂಥ ಕರೆಯ ಮುದ್ರಿಕೆಯನ್ನು ಕೇಳಿಸಿ, ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂಬ ಸೂತ್ರ ಹೇಳಿದರು. ನನ್ನ ಆಕ್ಷೇಪ ಇಷ್ಟೇ: ಕರೆಯಲ್ಲಿ ಇರುವಷ್ಟು ಹೊತ್ತು ಯಾರಿಗೂ ಯೋಚಿಸಲಾಗುವುದಿಲ್ಲ. ಮೊದಲು ಇಡಬೇಕು. ಯೋಚನೆ ಆಮೇಲಿನದು.

ಕೇಳಲು ಸುಲಭ, ಮಾಡಲು ಕಷ್ಟ. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ಅಪಚಾರ ಎಂದು ಬೆಳೆದವರು ನಾವು. ‘ಇಡ್ಲಾ? ಇಡ್ತೀನಿ ಹಾಗಾದ್ರೆ, ಸರಿ’ ಎಂದು ಮೂರು ಸಲ ಅಪ್ಪಣೆ ಕೇಳದೆ ಇಡದ ತಾಯಂದಿರಿಗೆ ಖಾಕಿ ಧರಿಸಿದವನ ಮುಖದ ಮೇಲೆ ಕರೆ ಕತ್ತರಿಸು ಎಂದರೆ ಆಗುವ ಮಾತೇ? ಅದನ್ನು ಅಭ್ಯಾಸ ಮಾಡಿಸಬೇಕು. ಸಾಲ ಬೇಕೇ ಎಂದು ಕೇಳುವ ಕರೆಗಳು ದಿನಾ ಬರುತ್ತವಲ್ಲ, ಅವುಗಳ ಮೇಲೆಯೇ ಕೈ ಪಳಗಿಸಬಹುದು. ನನಗೆ ತಿಳಿದಂತೆ ಆ ಕರೆಗಳಿಂದ ಆಗಬಹುದಾದ ಉಪಯೋಗ ಇದೊಂದೇ.

ದುರಾಸೆಯ ಮಾತು ಪೂರ್ತಿ ಸುಳ್ಳು ಎನ್ನಲಾರೆ. ಷೇರು ಮಾರುಕಟ್ಟೆಯ ಹೆಸರಿನ ವಾಟ್ಸ್‌ಆ್ಯಪ್ ಗುಂಪುಗಳು, ಟೆಲಿಗ್ರಾಂನಲ್ಲಿ ರೇಟಿಂಗ್ ಕೊಟ್ಟರೆ ಸಂಬಳ ಎನ್ನುವ ‘ಪಾರ್ಟ್ ಟೈಮ್’ ಕೆಲಸಗಳು ಆಸೆಯ ಮೇಲೆಯೇ ನಡೆಯುವ ವ್ಯಾಪಾರ. ಅಲ್ಲೂ ಆಸೆಗಿಂತ ಮೊದಲು ಬರುವುದು ನಂಬಿಕೆ. ಗುಂಪಿನಲ್ಲಿ ಇನ್ನೂರು ಜನರಿರುತ್ತಾರೆ, ದಿನಾ ಬೆಳಗ್ಗೆ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ, ‘ಸರ್, ನಿಮ್ಮಿಂದ ಮಗಳ ಫೀಸ್ ಕಟ್ಟಿದೆ’ ಎಂದು ಧನ್ಯವಾದ ಹೇಳುತ್ತಾರೆ. ಆ ಇನ್ನೂರರಲ್ಲಿ ನಿಜವಾದ ಗಿರಾಕಿ ನೀವೊಬ್ಬರೇ ಇರಬಹುದು. ಮೊದಲ ಸಲ ಐದು ಸಾವಿರ ಹಾಕಿದರೆ ಆರು ಸಾವಿರ ನಿಜವಾಗಿಯೂ ಖಾತೆಗೆ ಬರುತ್ತದೆ. ಬಾಗಿಲು ಮುಚ್ಚುವುದು ದೊಡ್ಡ ಮೊತ್ತ ಒಳಗೆ ಹೋದ ಮೇಲೆ; ವಾಪಸು ಕೇಳಿದರೆ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂಬ ಹೊಸ ರಾಗ ಶುರುವಾಗುತ್ತದೆ. ಫೋನೇ ಇಲ್ಲದ ಮೋಸಗಳೂ ಇದೇ ದಾರಿಯಲ್ಲಿ ನಡೆದಿವೆ. ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ 2019ರ ಜೂನ್‌ನಲ್ಲಿ ಕುಸಿದಾಗ ಶಿವಾಜಿನಗರದ ಕಚೇರಿಯ ಮುಂದೆ ನೆರೆದವರಲ್ಲಿ ಮಗಳ ಮದುವೆಗೆಂದು ಒಡವೆ ಮಾರಿ ಇಟ್ಟವರಿದ್ದರು. ಬಡ್ಡಿ ತಮ್ಮ ಧರ್ಮಕ್ಕೆ ಒಗ್ಗದು ಎಂದು ಬ್ಯಾಂಕಿನಿಂದ ದೂರ ಉಳಿದು, ಹಲಾಲ್ ಹೂಡಿಕೆ ಎಂಬ ಮಾತನ್ನು ನಂಬಿ ಬಂದವರು ಅವರು. ಅವರನ್ನು ದುರಾಸೆಯವರು ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಗೆ ತಿರುಗಬೇಕು. ಎಚ್ಚರಿಕೆಯ ಭಾರವನ್ನೆಲ್ಲ ಫೋನ್ ಹಿಡಿದವನ ತಲೆಗೇ ಹೊರಿಸುವುದರಲ್ಲಿ ನ್ಯಾಯವಿಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಹಲವರ ಖಾತೆಯಿಂದ ಇದ್ದಕ್ಕಿದ್ದಂತೆ ಹಣ ಹೋಯಿತು. ಅವರು ಒಟಿಪಿ ಕೊಟ್ಟಿರಲಿಲ್ಲ, ಲಿಂಕ್ ಒತ್ತಿರಲಿಲ್ಲ, ಯಾವ ಕರೆಯನ್ನೂ ಎತ್ತಿರಲಿಲ್ಲ. ಅವರು ಮಾಡಿದ್ದು ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ನಿವೇಶನವನ್ನೋ ಜಮೀನನ್ನೋ ನೋಂದಣಿ ಮಾಡಿಸಿದ್ದು. ಕ್ರಯಪತ್ರದಲ್ಲಿ ಬೆರಳಚ್ಚು ಇರುತ್ತದೆ, ಆಧಾರ್ ವಿವರ ಇರುತ್ತದೆ. ಪತ್ರದ ಪ್ರತಿ ಆನ್‌ಲೈನಿನಲ್ಲಿ ಸಿಗುತ್ತಿತ್ತು. ಬೆರಳಚ್ಚಿನ ಅಚ್ಚು ತೆಗೆದು, ಹಳ್ಳಿಗಳಲ್ಲಿ ಪಿಂಚಣಿ ಹಣ ಕೊಡಲೆಂದು ಬಂದ ಆಧಾರ್ ಆಧಾರಿತ ಪಾವತಿಯ ಯಂತ್ರಕ್ಕೆ ಒತ್ತಿದರೆ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ಹೊರಗೆ ಬರುತ್ತದೆ. ಹಣ ಹೋದದ್ದು ಮನೆಯವರಿಗೆ ಗೊತ್ತಾಗುತ್ತಿದ್ದುದು ಬ್ಯಾಂಕಿನ ಎಸ್ಸೆಮ್ಮೆಸ್ ಬಂದಾಗ. ಆಮೇಲೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಿತು. ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಲಾಯಿತು. ಲಾಕ್ ಒಳ್ಳೆಯದೇ, ಎಲ್ಲರೂ ಮಾಡಿಕೊಳ್ಳಬೇಕಾದದ್ದೇ. ಬೀಗ ಹಾಕುವ ಕೆಲಸ ಮಾತ್ರ ಕದ ತೆರೆದಿಟ್ಟವರ ಪಾಲಿಗೆ ಬರದೆ ಮನೆಯವರ ಪಾಲಿಗೆ ಬಂತು.

ಇದಕ್ಕೆ ಎದುರಾಗಿ ಯುಪಿಐನ ಒಂದು ಉದಾಹರಣೆ ಇಡುತ್ತೇನೆ. ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ ಸೈನ್ಯದವನೆಂದು ಹೇಳಿಕೊಂಡು ಒಬ್ಬ ಕರೆ ಮಾಡುವುದು, ‘ಹಣ ಕಳಿಸಿದ್ದೇನೆ, ಪಿನ್ ಹಾಕಿ ಪಡೆದುಕೊಳ್ಳಿ’ ಎನ್ನುವುದು, ಪಿನ್ ಹಾಕಿದ ಕೂಡಲೇ ಇವರ ಖಾತೆಯಿಂದಲೇ ಹಣ ಹೋಗುವುದು ನಮಗೆಲ್ಲ ಗೊತ್ತು. ಹಣ ಪಡೆಯಲು ಪಿನ್ ಬೇಕಾಗಿಲ್ಲ ಎಂದು ಬ್ಯಾಂಕುಗಳು ವರ್ಷಗಟ್ಟಲೆ ಸಾರಿದವು. ಮೋಸ ನಿಲ್ಲಲಿಲ್ಲ. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ‘ಕಲೆಕ್ಟ್ ರಿಕ್ವೆಸ್ಟ್’ ಸೌಲಭ್ಯವನ್ನೇ ಯುಪಿಐ ನಡೆಸುವ ಎನ್‌ಪಿಸಿಐ ಮುಚ್ಚಿಸಿತು. ಇಷ್ಟು ವರ್ಷದ ಜಾಗೃತಿ ಅಭಿಯಾನಕ್ಕೆ ಆಗದ್ದು ಒಂದು ಸುತ್ತೋಲೆಗೆ ಆಯಿತು. ಅಂಥ ಸುತ್ತೋಲೆ ಐದು ವರ್ಷ ಮೊದಲೇ ಯಾಕೆ ಬರಲಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ.

ಬ್ಯಾಂಕುಗಳ ನಡವಳಿಕೆಯೂ ವಂಚಕನ ದಾರಿಯನ್ನು ಸುಗಮ ಮಾಡಿಕೊಟ್ಟಿದೆ. ನಿಜವಾದ ಬ್ಯಾಂಕಿನಿಂದ ಕರೆ ಬಂದಾಗಲೂ ಆ ಕಡೆಯವರು ಮೊದಲು ಕೇಳುವುದು ‘ವೆರಿಫಿಕೇಶನ್‌ಗಾಗಿ ನಿಮ್ಮ ಜನ್ಮದಿನಾಂಕ ಹೇಳಿ’. ತಾವು ಯಾರು ಎಂದು ಅವರು ಸಾಬೀತು ಮಾಡುವ ದಾರಿಯೇ ಇಲ್ಲ. ಕೆವೈಸಿ ನವೀಕರಿಸಿ ಎಂಬ ಸಂದೇಶದಲ್ಲಿ ಬ್ಯಾಂಕಿನವರೂ ಲಿಂಕ್ ಕಳಿಸುತ್ತಾರೆ, ವಂಚಕರೂ ಕಳಿಸುತ್ತಾರೆ. ರಿಸರ್ವ್ ಬ್ಯಾಂಕ್ ಇದನ್ನು ಸರಿಪಡಿಸಲು ಕೆಲವು ಹೆಜ್ಜೆ ಇಟ್ಟಿದೆ. ಗ್ರಾಹಕರಿಗೆ ಸೇವೆಯ ಕರೆಗಳನ್ನು 1600ರಿಂದ ಶುರುವಾಗುವ ಸಂಖ್ಯೆಗಳಿಂದಲೇ ಮಾಡಬೇಕು, ಬ್ಯಾಂಕುಗಳ ಜಾಲತಾಣದ ವಿಳಾಸ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕು, ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮೊದಲು ಖಾತೆದಾರನ ಹೆಸರು ಪರದೆಯ ಮೇಲೆ ಕಾಣಬೇಕು ಎಂದಿದೆ. ಈ ಕೊನೆಯದು ಸಣ್ಣದಲ್ಲ. ‘ರಿಸರ್ವ್ ಬ್ಯಾಂಕ್ ಪರಿಶೀಲನಾ ಖಾತೆ’ ಎಂದು ಅವನು ಹೇಳುತ್ತಿರುವಾಗ ಪರದೆಯಲ್ಲಿ ಯಾವುದೋ ಎಂಟರ್‌ಪ್ರೈಸಸ್ ಎಂಬ ಹೆಸರು ಬಂದರೆ ಕೆಲವರಾದರೂ ಎಚ್ಚರಗೊಳ್ಳುತ್ತಾರೆ.

ಹೋದ ಹಣದ ನಷ್ಟ ಯಾರದು? 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ನಡೆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ಹೊಣೆಯೇ ಇಲ್ಲ. ಬೆರಳಚ್ಚು ಕದ್ದ ಪ್ರಕರಣದಂಥವಕ್ಕೆ ಇದು ದೊಡ್ಡ ರಕ್ಷಣೆ, ಆದರೆ ಇದನ್ನು ತಿಳಿದು ಬ್ಯಾಂಕಿನಲ್ಲಿ ಕೇಳುವವರು ಕಡಿಮೆ. ಹೆದರಿಸಿ ನಮ್ಮ ಕೈಯಿಂದಲೇ ಹಣ ಹಾಕಿಸಿಕೊಂಡಾಗ ಈ ರಕ್ಷಣೆ ಒದಗುವುದಿಲ್ಲ. ನೀವೇ ಪಿನ್ ಒತ್ತಿದ್ದೀರಿ, ವಹಿವಾಟು ಅಧಿಕೃತ ಎಂದು ಬ್ಯಾಂಕ್ ಕೈತೊಳೆದುಕೊಳ್ಳುತ್ತದೆ. ಬ್ರಿಟನ್ ಇದನ್ನು ಬೇರೆ ರೀತಿ ನೋಡಿತು. 2024ರ ಅಕ್ಟೋಬರ್ 7ರಿಂದ ಅಲ್ಲಿ ವಂಚನೆಗೊಳಗಾಗಿ ತಾನೇ ಹಣ ಕಳಿಸಿದ ಗ್ರಾಹಕನಿಗೂ 85,000 ಪೌಂಡ್‌ವರೆಗೆ ಮರುಪಾವತಿ ಆಗಬೇಕು, ಕಳಿಸಿದ ಬ್ಯಾಂಕ್ ಮತ್ತು ಪಡೆದ ಬ್ಯಾಂಕ್ ಅದನ್ನು ಅರ್ಧರ್ಧ ಹೊರಬೇಕು ಎಂಬ ನಿಯಮ ಬಂತು. ಗ್ರಾಹಕನದು ಅತಿಯಾದ ಬೇಜವಾಬ್ದಾರಿ ಎಂದಾದರೆ ಮಾತ್ರ ವಿನಾಯಿತಿ.

ಹೀಗೆ ಮಾಡಿದರೆ ಜನ ಮೈಮರೆಯುತ್ತಾರೆ, ಕಳ್ಳರ ಜತೆ ಸೇರಿ ಸುಳ್ಳು ದೂರು ಕೊಡುವವರೂ ಹುಟ್ಟಿಕೊಳ್ಳುತ್ತಾರೆ, ಕೊನೆಗೆ ಆ ಖರ್ಚನ್ನೆಲ್ಲ ಉಳಿದ ಗ್ರಾಹಕರೇ ಹೊರಬೇಕಾಗುತ್ತದೆ ಎಂಬ ಆಕ್ಷೇಪ ಇದೆ. ಗಟ್ಟಿ ಆಕ್ಷೇಪವೇ. ಬ್ರಿಟನ್ನಿನ ಮಿತಿಯನ್ನೇ ಇಲ್ಲಿಗೆ ತನ್ನಿ ಎಂದು ನಾನೂ ಹೇಳುವುದಿಲ್ಲ. ನನ್ನ ಗಮನ ಇರುವುದು ಆ ‘ಅರ್ಧ ಪಡೆದ ಬ್ಯಾಂಕಿನದು’ ಎಂಬ ಮಾತಿನ ಮೇಲೆ. ವಂಚಕನ ಹಣ ಗಾಳಿಯಲ್ಲಿ ಹೋಗುವುದಿಲ್ಲ, ಯಾವುದೋ ಶಾಖೆಯಲ್ಲಿ ಕೆವೈಸಿ ಮುಗಿಸಿದ ಖಾತೆಗೇ ಹೋಗುತ್ತದೆ. ಕಾಲೇಜು ಹುಡುಗನೋ ಕೂಲಿ ಕಾರ್ಮಿಕನೋ ಸ್ವಲ್ಪ ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟ ಖಾತೆ ಅದು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟುಬಿಟ್ಟಿರುತ್ತಾನೆ. ಪೊಲೀಸರು ಮೊದಲು ಬಂದು ಹಿಡಿಯುವುದು ಅವನನ್ನೇ. ತಿಂಗಳಿಗೆ ಎರಡು ಸಾವಿರ ಓಡಾಡುತ್ತಿದ್ದ ಖಾತೆಗೆ ಒಂದು ಮಧ್ಯಾಹ್ನ ನಲವತ್ತು ಲಕ್ಷ ಬಂದು ಅರ್ಧ ಗಂಟೆಯಲ್ಲಿ ಹತ್ತು ಖಾತೆಗಳಿಗೆ ಹಂಚಿಹೋಗುತ್ತದೆ. ಇದನ್ನು ಗುರುತಿಸಲು ಯಂತ್ರ ಬೇಕಿಲ್ಲ, ಗುರುತಿಸದಿದ್ದರೆ ನಷ್ಟ ತನ್ನದು ಎಂಬ ಭಯ ಬೇಕು. ಆ ಭಯ ಈಗ ಬ್ಯಾಂಕಿಗಿಲ್ಲ. ಇರುವುದು ಬಾಗಿಲು ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತ ಅಜ್ಜಿಗೆ ಮಾತ್ರ.

2024ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ಅದರ ಹಿಂದಿನ ವರ್ಷ ಅದು 7,465 ಕೋಟಿ. ಒಂದೇ ವರ್ಷದಲ್ಲಿ ಜನರ ದುರಾಸೆ ಮೂರು ಪಟ್ಟು ಏರಿತು ಎಂದು ಯಾರಾದರೂ ವಾದಿಸುವುದಾದರೆ ಕೇಳಲು ಸಿದ್ಧ. ಬೆಳೆದದ್ದು ಉದ್ಯಮ. ಆಗ್ನೇಯ ಏಷ್ಯಾದ ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿ ಬೇಲಿ ಹಾಕಿದ ಕಟ್ಟಡಗಳೊಳಗೆ ಇದೇ ಕೆಲಸ ಪಾಳಿಯಲ್ಲಿ ನಡೆಯುತ್ತದೆ. ಕೆಲಸದ ಆಸೆ ತೋರಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಸಿದುಕೊಂಡು ಅಲ್ಲಿ ಕೂರಿಸಿದ ಭಾರತೀಯರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ವಾಪಸು ಕರೆತರಲಾಯಿತು. ಆ ಕಡೆ ಫೋನ್ ಹಿಡಿದವನೂ ಕೆಲವೊಮ್ಮೆ ಇನ್ನೊಂದು ಮೋಸಕ್ಕೆ ಬಿದ್ದವನೇ. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸಿಬಿಐ ಹೆಸರು ಹೇಳಿಯೇ ನಡೆಯುತ್ತಿದ್ದ ಮೋಸದ ಬೆನ್ನು ಹತ್ತಲು ಕೊನೆಗೆ ನಿಜವಾದ ಸಿಬಿಐ ಬಂತು.

ಹಣ ಹೋದ ಮೇಲಿನ ಮೊದಲ ಗಂಟೆಯ ಬಗ್ಗೆ ಎಲ್ಲರೂ ಹೇಳುತ್ತಾರೆ: ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೆ ತಿಳಿಸಿ. ಹಣ ಎರಡನೆಯ, ಮೂರನೆಯ ಖಾತೆಗೆ ಹಾರುವುದರೊಳಗೆ ತಡೆದರೆ ಉಳಿಯುತ್ತದೆ. ನಗದಾಗಿ ಎಟಿಎಂನಿಂದ ಹೊರಬಿದ್ದರೆ ಅಥವಾ ಕ್ರಿಪ್ಟೊ ಆಗಿ ಬದಲಾದರೆ ಮುಗಿಯಿತು. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ, ಯಾವ ಖಾತೆಗೆ ಹೋಯಿತು ಎಂಬುದು ಕೈಯಲ್ಲಿದ್ದರೆ ದೂರು ಬೇಗ ಮುಗಿಯುತ್ತದೆ. ಇದರಲ್ಲಿ ಇನ್ನೊಂದು ಕಿರಿಕಿರಿ ಇದೆ. ಕಳ್ಳಹಣದ ಸರಪಣಿಯಿಂದ ತರಕಾರಿ ಅಂಗಡಿಯವನಿಗೆ ನೂರೈವತ್ತು ರೂಪಾಯಿ ಬಂದಿದ್ದರೂ ಅವನ ಇಡೀ ಖಾತೆ ಸ್ಥಗಿತಗೊಂಡ ಉದಾಹರಣೆಗಳಿವೆ. ತಡೆಯಬೇಕಾದ್ದು ಆ ನೂರೈವತ್ತನ್ನು, ಅವನ ದುಡಿಮೆಯನ್ನಲ್ಲ.

ಆದರೆ ಎಷ್ಟೋ ಮನೆಗಳಲ್ಲಿ ಆ ಮೊದಲ ಗಂಟೆ ಕಳೆದುಹೋಗುವುದು ಸಹಾಯವಾಣಿಯ ಸಂಖ್ಯೆ ಗೊತ್ತಿಲ್ಲದ್ದರಿಂದ ಅಲ್ಲ, ನಾಚಿಕೆಯಿಂದ. ಮಗನಿಗೆ ಗೊತ್ತಾದರೆ ಏನೆನ್ನುತ್ತಾನೆ, ಸೊಸೆ ನಗುತ್ತಾಳೆ, ಇನ್ನು ಮೇಲೆ ನನ್ನ ಕೈಗೆ ಪಾಸ್‌ಬುಕ್ ಕೊಡುವುದಿಲ್ಲ ಎಂದು ಲೆಕ್ಕ ಹಾಕುತ್ತಾ ಸಂಜೆಯಾಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ 2025ರ ಮಾರ್ಚ್‌ನಲ್ಲಿ ಇಂಥ ಬೆದರಿಕೆಗೆ ಸಿಕ್ಕಿದ ಹಿರಿಯ ದಂಪತಿ ಜೀವವನ್ನೇ ಕಳೆದುಕೊಂಡರು. ಆ ಸುದ್ದಿಯ ಕೆಳಗೂ ‘ಅಷ್ಟೂ ಗೊತ್ತಾಗಲ್ವಾ’ ಎನ್ನುವವರು ಇದ್ದೇ ಇರುತ್ತಾರೆ. ಲೇಖನದ ಮೊದಲಲ್ಲಿ ಎತ್ತಿದ ಪ್ರಶ್ನೆ ವಂಚಕರಿಗೆ ಉಪಕಾರ ಮಾಡುತ್ತದೆ ಎಂದದ್ದು ಇದಕ್ಕೇ. ಮನೆಯ ಹಿರಿಯರ ಮುಂದೆ ನಾವು ಆ ಪ್ರಶ್ನೆ ಕೇಳಿ ನಕ್ಕಾಗಲೆಲ್ಲ, ನಾಳೆ ತಮಗೆ ಹಾಗಾದರೆ ಇವರಿಗೆ ಹೇಳಬಾರದು ಎಂದು ಅವರು ಮನಸ್ಸಿನಲ್ಲೇ ಗಂಟು ಹಾಕಿಕೊಳ್ಳುತ್ತಾರೆ. ‘ಯಾರಿಗೂ ಹೇಳಬೇಡಿ’ ಎಂದು ವಂಚಕ ಹೇಳುವುದಕ್ಕೆ ಎಷ್ಟೋ ಮೊದಲು ನಾವೇ ಹೇಳಿಬಿಟ್ಟಿರುತ್ತೇವೆ. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ, ನೀವು ಕಚೇರಿಯ ಮೀಟಿಂಗ್‌ನಲ್ಲಿರುವಾಗ, ಅಮ್ಮನೋ ಅಪ್ಪನೋ ಫೋನ್ ಮಾಡಿ ‘ಏನೋ ತಪ್ಪು ಮಾಡಿಬಿಟ್ಟೆ ಅನಿಸುತ್ತೆ’ ಎಂದರೆ ಆ ಕಡೆಯಿಂದ ಬರುವ ಮೊದಲ ಮಾತು ಬೈಗುಳವಾಗಿರುವುದಿಲ್ಲ ಎಂಬ ಖಾತ್ರಿ ಅವರಿಗಿದೆಯೇ ಎಂದು ಈ ವಾರ ಊಟಕ್ಕೆ ಕೂತಾಗ ಅವರನ್ನೇ ಕೇಳಿ ನೋಡಬಹುದು.